ಮಳೆಯ ಲೆಕ್ಕ, ಒಬೆರಾನ್‌ನಲ್ಲಿ

13 ಜುಲೈ 2025, ಭಾನುವಾರ
ಮೂಡಿಗೆರೆ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಹನ್ನೊಂದಕ್ಕೆ ಕರೆಂಟೂ ಹೋಯಿತು. ಯುಪಿಎಸ್ ಜೀವ ಹಿಡಿದಿರುವವರೆಗೆ ಎಂದುಕೊಂಡು, ಬಹಳ ದಿನದಿಂದ ಮುಂದೂಡುತ್ತಿದ್ದ ಒಬೆರಾನ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಲು ಕುಳಿತೆ.

ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕೊಟ್ಟ ನಿಕ್ಲೌಸ್ ವಿರ್ತ್ ಮತ್ತು ಯೂರ್ಗ್ ಗುಟ್‌ಕ್ನೆಕ್ಟ್ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1986ರಲ್ಲಿ ಶುರುಮಾಡಿದ ಕೆಲಸ ಇದು. ಆಪರೇಟಿಂಗ್ ಸಿಸ್ಟಂಗೂ ಅದನ್ನು ಬರೆದ ಭಾಷೆಗೂ ಒಂದೇ ಹೆಸರು; ಆ ವರ್ಷ ವೊಯೇಜರ್ 2 ನೌಕೆ ಹಾದುಹೋದ ಯುರೇನಸ್ಸಿನ ಉಪಗ್ರಹದ್ದು. ಹಳೆಯ ಪ್ರೊಸೆಸರ್ ಸಿಗದಂತಾದಾಗ ವಿರ್ತ್ ಎಂಬತ್ತರ ಹೊಸ್ತಿಲಲ್ಲಿ ತಾವೇ ಒಂದು ಪ್ರೊಸೆಸರ್ ವಿನ್ಯಾಸಗೊಳಿಸಿ, 2013ರಲ್ಲಿ ಇಡೀ ವ್ಯವಸ್ಥೆಯನ್ನು ಅದರ ಮೇಲೆ ಮತ್ತೆ ಕಟ್ಟಿದರು. ನಾನು ಹಾಕಿದ್ದು ಆ ಪ್ರೊಸೆಸರಿನ ಎಮ್ಯುಲೇಟರ್, ಅಂದರೆ ಲ್ಯಾಪ್‌ಟಾಪಿನಲ್ಲೇ ಅದರಂತೆ ನಟಿಸುವ ತಂತ್ರಾಂಶ. ಕಟ್ಟಿಕೊಳ್ಳಲು ಹತ್ತು ನಿಮಿಷ ಸಾಕಾಯಿತು, ಅದರಲ್ಲೂ ಎಂಟು ನಿಮಿಷ ಮೊಬೈಲಿನ ಸಿಗ್ನಲ್‌ಗೆ ಕಾದದ್ದು.

ತೆರೆ ಕಪ್ಪು-ಬಿಳುಪು. ಐಕಾನ್ ಎಂಬುದೇ ಇಲ್ಲ. ಎಡಕ್ಕೆ ಅಗಲದ ಪಟ್ಟಿ, ಬಲಕ್ಕೆ ಕಿರಿದಾದದ್ದು, ಒಂದರ ಮೇಲೊಂದು ಬೀಳದ ಕಿಟಕಿಗಳು. ಇಷ್ಟಕ್ಕೂ ಬೇಕಾದ ಮೆಮೊರಿ ಒಂದು ಮೆಗಾಬೈಟ್. ನನಗೆ ಹಿಡಿಸಿದ್ದು ಬೇರೆ: ತೆರೆಯ ಮೇಲೆ ಎಲ್ಲೇ ಆಗಲಿ ಆದೇಶದ ಹೆಸರು ಬರೆದಿದ್ದರೆ, ಅದರ ಮೇಲೆ ಮೌಸ್‌ನ ನಡುವಿನ ಗುಂಡಿ ಒತ್ತಿದರೆ ಸಾಕು, ಕೆಲಸ ನಡೆಯುತ್ತದೆ. ನಾನು ಗೀಚಿದ ಟಿಪ್ಪಣಿಯೇ ಮೆನು! ಲ್ಯಾಪ್‌ಟಾಪಿಗೆ ನಡುವಿನ ಗುಂಡಿ ಇಲ್ಲದ್ದರಿಂದ ಎಡಗಡೆಯ ಆಲ್ಟ್ ಕೀಲಿ ಒತ್ತಬೇಕು. ಅರ್ಧ ಗಂಟೆ ಬೆರಳುಗಳು ಮಾತು ಕೇಳಲಿಲ್ಲ.

ಮೊದಲ ಪ್ರೋಗ್ರಾಂಗೆ ಅಪ್ಪನ ಮಳೆ ಡೈರಿಯೇ ಸಿಕ್ಕಿತು. ನಮ್ಮ ಕಡೆ ತೋಟದವರಿಗೆ ಮಿಲಿಮೀಟರ್ ರುಚಿಸುವುದಿಲ್ಲ, ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಎಲ್ಲವನ್ನೂ ಸೆಂಟಿನಲ್ಲಿ ಕೂಡಿಸಿ, ನೂರರಿಂದ ಡಿವ್ (ಭಾಗಾಕಾರ) ಮಾಡಿದರೆ ಇಂಚು, ಮಾಡ್ (ಶೇಷ) ಮಾಡಿದರೆ ಉಳಿದ ಸೆಂಟು. ಮಾಡ್ಯೂಲಿಗೆ, ಅಂದರೆ ಈ ಪ್ರೋಗ್ರಾಂ ತುಣುಕಿಗೆ, ಇಂಗ್ಲಿಷ್ ಅಕ್ಷರದಲ್ಲಿ ‘ಮಳೆ’ (Male) ಎಂದು ಹೆಸರಿಟ್ಟರೆ ಅದು ‘ಗಂಡು’ ಎಂದು ಓದಿಸಿಕೊಂಡಿತು. ಇರಲಿ ಎಂದು ಬಿಟ್ಟೆ. ಬಿಗಿನ್, ಎಂಡ್‌ಗಳನ್ನೆಲ್ಲ ದೊಡ್ಡಕ್ಷರದಲ್ಲೇ ಬರೆಯಬೇಕು. ತಪ್ಪಿದರೆ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಸಾಲಿನ ಸಂಖ್ಯೆ ಹೇಳುವುದಿಲ್ಲ, ಎಷ್ಟನೆಯ ಅಕ್ಷರ ಎಂದಷ್ಟೇ ಹೇಳುತ್ತದೆ.

ಕಳೆದ ವಾರದ ಏಳು ದಿನ ಹಾಕಿದೆ: 120, 85, 210, 165, 40, 95, 130. ಉತ್ತರ 6 ಇಂಚು 56 ಸೆಂಟು.

‘ಎಂಟು ಇಂಚು ನಲವತ್ತೈದು ಆಗಬೇಕಲ್ಲೋ,’ ಎಂದರು ಅಪ್ಪ, ಕಾಫಿ ಲೋಟದಿಂದ ತಲೆಯನ್ನೂ ಎತ್ತದೆ.

ನೋಡಿದರೆ 210ರ ಜಾಗದಲ್ಲಿ 21 ಇತ್ತು. ತಿದ್ದಿ ಕಂಪೈಲ್ ಮಾಡಿದೆ. ಮತ್ತೆ 6 ಇಂಚು 56. ಇನ್ನೊಮ್ಮೆ ಮಾಡಿದೆ. ಅದೇ. ಎಮ್ಯುಲೇಟರನ್ನು, ವಿರ್ತ್ ಅವರನ್ನು, ಕೊನೆಗೆ ನನ್ನನ್ನೇ ಮನಸ್ಸಿನಲ್ಲಿ ಬೈದುಕೊಂಡೆ. ಬೇರೇನೂ ತೋಚದೆ, ಮೆಮೊರಿಯಲ್ಲಿರುವ ಮಾಡ್ಯೂಲುಗಳ ಪಟ್ಟಿ ತೋರಿಸುವ ಸಿಸ್ಟಂ.ಶೋಮಾಡ್ಯೂಲ್ಸ್ ಆದೇಶ ಒತ್ತಿದಾಗ ಗುಟ್ಟು ಬಯಲಾಯಿತು. ನನ್ನ ಮಾಡ್ಯೂಲ್ ಪಟ್ಟಿಯಲ್ಲಿ ಆರಾಮವಾಗಿ ಕುಳಿತಿತ್ತು. ಒಬೆರಾನ್‌ನಲ್ಲಿ ಒಮ್ಮೆ ಮೆಮೊರಿಗೆ ಬಂದ ಮಾಡ್ಯೂಲ್, ಕೆಲಸ ಮುಗಿದರೂ ಅಲ್ಲೇ ಉಳಿಯುತ್ತದೆ. ಹೊಸದನ್ನು ಎಷ್ಟು ಸಲ ಕಂಪೈಲ್ ಮಾಡಿದರೂ ಓಡುವುದು ಆ ಹಳೆಯದೇ. ಸಿಸ್ಟಂ.ಫ್ರೀ ಎಂದು ಬರೆದು ಅದನ್ನು ಎಬ್ಬಿಸಿ ಕಳುಹಿಸಿದ ಮೇಲೆ ಬಂತು: 8 ಇಂಚು 45 ಸೆಂಟು.

ಅಪ್ಪನನ್ನು ಕರೆದು ತೋರಿಸಿದೆ.

‘ಅದನ್ನೇ ಅಲ್ಲವೇನೋ ನಾನು ಆಗಲೇ ಹೇಳಿದ್ದು?’

ಹಾಗೆಂದವರು ಸಂಜೆ ಅಟ್ಟದಿಂದ ಹಳೆಯ ಡೈರಿಗಳ ಕಟ್ಟು ಇಳಿಸಿ ಮೇಜಿನ ಮೇಲಿಟ್ಟಿದ್ದಾರೆ. ಮೇಲಿರುವುದು 1994ರದ್ದು. ಜೂನ್ ತಿಂಗಳ ಅರ್ಧವನ್ನು ಗೆದ್ದಲು ತಿಂದಿದೆ.