ಬ್ಯಾಟರಿ ಸಾಧನಕ್ಕೆ ಚಿಪ್ ಬೇಕಾ? ಮೊದಲು ಅದು ಮಲಗಿದಾಗಿನ ಲೆಕ್ಕ ನೋಡಿ

ಮೈಕ್ರೋಕಂಟ್ರೋಲರ್ (ಸಾಧನವನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಆರಿಸಲು ಕೂತಾಗ ಹೆಚ್ಚಿನವರ ಕಣ್ಣು ಹೋಗುವುದು ಚಿಪ್ ಓಡುವಾಗ ಎಷ್ಟು ಕರೆಂಟ್ ತಗೊಳ್ಳುತ್ತದೆ ಅನ್ನುವ ಕಡೆಗೆ. ನಾನು ಅದನ್ನು ಕೊನೆಗೆ ನೋಡುತ್ತೇನೆ.

ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್ ಅಂತಿಟ್ಟುಕೊಳ್ಳಿ. 15 ನಿಮಿಷಕ್ಕೊಮ್ಮೆ ಏಳುತ್ತದೆ, ಅಳೆಯುತ್ತದೆ, ಮತ್ತೆ ಮಲಗುತ್ತದೆ. ಎದ್ದಿರುವುದು 50 ಮಿಲಿಸೆಕೆಂಡ್, ಆಗ 5 ಮಿಲಿಆಂಪ್ ಎಳೆಯುತ್ತದೆ. ಇದನ್ನು 900 ಸೆಕೆಂಡಿಗೆ ಹಂಚಿದರೆ ಸರಾಸರಿ 0.28 ಮೈಕ್ರೋಆಂಪ್ ಅಷ್ಟೇ! ಅದೇ ಚಿಪ್ ಮಲಗಿದ್ದಾಗ 2 ಮೈಕ್ರೋಆಂಪ್ ತಿನ್ನುತ್ತಿದ್ದರೆ, ಕೆಲಸಕ್ಕಿಂತ ನಿದ್ದೆಗೇ ಏಳು ಪಟ್ಟು ಜಾಸ್ತಿ ಖರ್ಚು.

ನಿದ್ದೆಯಲ್ಲೂ ಬೇರೆ ಬೇರೆ ಬಗೆ ಇದೆ. ನಾರ್ಡಿಕ್ ಕಂಪನಿಯ ಎನ್‌ಆರ್‌ಎಫ್52832 ಚಿಪ್ ಪೂರ್ತಿ ಆಫ್ ಆದಾಗ 0.3 ಮೈಕ್ರೋಆಂಪ್, ಆದರೆ ಹೊತ್ತಿಗೆ ಸರಿಯಾಗಿ ತಾನೇ ಏಳಬೇಕು ಅಂದರೆ ಆರ್‌ಟಿಸಿ (ಚಿಪ್ ಒಳಗಿನ ಗಡಿಯಾರ) ಓಡುತ್ತಿರಬೇಕು, ಆಗ 1.9. ನಮಗೆ ಬೇಕಾದ ಅಂಕಿ ಎರಡನೆಯದು. ಜೊತೆಗೆ ಡೇಟಾಶೀಟ್‌ನ (ಚಿಪ್ ಕಂಪನಿ ಕೊಡುವ ವಿವರಪಟ್ಟಿಯ) ಈ ಅಂಕಿಗಳೆಲ್ಲ ಸಾಮಾನ್ಯವಾಗಿ 25 ಡಿಗ್ರಿಯವು. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಡಬ್ಬಿಯೊಳಗೆ ಚಿಪ್ ಕಾದಷ್ಟೂ ಸೋರಿಹೋಗುವ ಕರೆಂಟ್ ಏರುತ್ತದೆ, ಹಾಗಾಗಿ ಬಿಸಿಯಲ್ಲಿ ಎಷ್ಟು ಅಂತ ತೋರಿಸುವ ಗ್ರಾಫ್ ಹುಡುಕಿ ನೋಡಲೇಬೇಕು.

ವೈಫೈ ಇರುವ ಇಎಸ್‌ಪಿ32 ಚಿಪ್ ಹಾಕಬಹುದಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಡೀಪ್ ಸ್ಲೀಪ್‌ನಲ್ಲಿ (ಗಾಢ ನಿದ್ದೆಯಲ್ಲಿ) ಚಿಪ್ ಮಾತ್ರ ನೋಡಿದರೆ ಸುಮಾರು 10 ಮೈಕ್ರೋಆಂಪ್, ಪರವಾಗಿಲ್ಲ. ತೊಂದರೆ ವೈಫೈದು. ಪ್ರತಿ 15 ನಿಮಿಷಕ್ಕೆ 3 ಸೆಕೆಂಡ್ ಕಾಲ 100 ಮಿಲಿಆಂಪ್ ಹೋದರೆ ಸರಾಸರಿ 333 ಮೈಕ್ರೋಆಂಪ್ ಆಯಿತು. ಸಿಆರ್2032 ಅನ್ನುವ ನಾಣ್ಯದಾಕಾರದ ಸೆಲ್‌ನಲ್ಲಿ ಇರುವುದೇ ಸುಮಾರು 220 ಮಿಲಿಆಂಪ್-ಅವರ್, ಅದು ಒಂದು ವರ್ಷ ಬರಬೇಕು ಅಂದರೆ ಸರಾಸರಿ 25 ಮೈಕ್ರೋಆಂಪ್ ದಾಟುವಂತಿಲ್ಲ, ಮೇಲಾಗಿ ವೈಫೈ ಕೇಳುವ ಕರೆಂಟನ್ನು ಅಂಥ ಪುಟ್ಟ ಸೆಲ್ ಕೊಡುವುದೂ ಇಲ್ಲ. ತೋಟಕ್ಕೆ ನನ್ನ ಆಯ್ಕೆ ಎಸ್‌ಟಿಎಂ32ಡಬ್ಲ್ಯೂಎಲ್. ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಕಳಿಸುವ ಲೋರಾ ರೇಡಿಯೋ ಚಿಪ್ ಒಳಗೇ ಇದೆ, ನಮ್ಮಲ್ಲಿ 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ಕಳಿಸಬಹುದು. ಅಳತೆಗಳನ್ನು ಸುಮ್ನೆ ಕೂಡಿಡುವುದಷ್ಟೇ ಕೆಲಸವಾದರೆ ಎಫ್‌ರ‍್ಯಾಮ್ ಅನ್ನುವ ಮೆಮೊರಿ ಇರುವ ಎಂಎಸ್‌ಪಿ430 ಚಿಪ್ ಬಹಳ ಚೆನ್ನ. ಬರೆಯುವುದಕ್ಕೆ ಫ್ಲ್ಯಾಶ್ ಮೆಮೊರಿಯಷ್ಟು ಶಕ್ತಿ ಬೇಡ, ಪವರ್ ಹೋದರೂ ಡೇಟಾ ಉಳಿಯುತ್ತದೆ.

ಇಷ್ಟೆಲ್ಲಾ ನೋಡಿ ಚಿಪ್ ತಂದು, ಅದನ್ನು ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜನ್ನು ಹದಕ್ಕೆ ಇಳಿಸುವ ಭಾಗ) ಇರುವ ಅಗ್ಗದ ಬೋರ್ಡ್‌ನಲ್ಲೇ ಓಡಿಸಿದರೆ ಎಲ್ಲಾ ಹೋಯಿತು. ಆ ರೆಗ್ಯುಲೇಟರ್ ಒಂದೇ 5 ಮಿಲಿಆಂಪ್ ಕುಡಿಯುತ್ತದೆ. 2000 ಮಿಲಿಆಂಪ್-ಅವರ್‌ನ ಎಎ ಸೆಲ್‌ಗಳು 17 ದಿನಕ್ಕೆ ಖಾಲಿ, ಚಿಪ್ ಯಾವುದೇ ಇರಲಿ. ಎಂಸಿಪಿ1700 ರೆಗ್ಯುಲೇಟರ್ ಆದರೆ 1.6 ಮೈಕ್ರೋಆಂಪ್ ಸಾಕು.

ಕೊನೆಗೆ ಬೋರ್ಡ್ ಮಲಗಿಸಿ ಅಳೆಯಿರಿ. ಮಾಮೂಲಿ ಮಲ್ಟಿಮೀಟರ್‌ನ ಮೈಕ್ರೋಆಂಪ್ ರೇಂಜ್‌ನಲ್ಲಿ ವೋಲ್ಟೇಜ್ ಬಿದ್ದು, ರೇಡಿಯೋ ಎದ್ದ ಕೂಡಲೇ ಚಿಪ್ ರೀಸೆಟ್ ಆಗಿಬಿಡಬಹುದು, ಅದಕ್ಕೇ ಕರೆಂಟಿನ ಏರಿಳಿತ ದಾಖಲಿಸುವ ಪವರ್ ಪ್ರೊಫೈಲರ್ ಕಿಟ್ ಥರದ್ದು ಒಳ್ಳೆಯದು. 150 ಮೈಕ್ರೋಆಂಪ್ ಆಸುಪಾಸು ತೋರಿಸಿದರೆ ಚಿಪ್ಪನ್ನು ಬೈಯುವ ಮೊದಲು ಬ್ಯಾಟರಿ ವೋಲ್ಟೇಜ್ ಅಳೆಯಲು ಹಾಕಿರುವ ಎರಡು ರೆಸಿಸ್ಟರ್ ನೋಡಿ. 3 ವೋಲ್ಟ್‌ಗೆ ಎರಡು 10 ಕಿಲೋಓಮ್ ಸರಣಿಯಲ್ಲಿ ಹಾಕಿದ್ದರೆ ಅಷ್ಟೂ ಅಲ್ಲೇ ಹೋಗುತ್ತಿರುತ್ತದೆ.