ಶೇಕಡಾವಾರು ಬಿಟ್ಟು ಮಂಗಳವಾರದ ಓಪಿಡಿ ಲೆಕ್ಕ ಹಾಕಿ

ಮಾನಸಿಕ ಆರೋಗ್ಯದ ಬಗ್ಗೆ ಸರ್ಕಾರಕ್ಕೆ ಹೋಗುವ ಟಿಪ್ಪಣಿಗಳಲ್ಲಿ ಹೆಚ್ಚಿನವು ಒಂದೇ ಸಾಲಿನಿಂದ ಶುರುವಾಗುತ್ತವೆ: ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ, ಹಾಗಾಗಿ ಜಾಗೃತಿ ಮೂಡಿಸಬೇಕು. ಮಾತು ಸುಳ್ಳಲ್ಲ. ಆದರೆ ಯಾವ ಆಸ್ಪತ್ರೆಯಲ್ಲಿ, ಯಾರು, ಏನು ಮಾಡಬೇಕು ಅಂತ ಅದರಲ್ಲಿ ಇಲ್ಲ. ಓದಿದ ಅಧಿಕಾರಿ ಕಡತದ ಮೇಲೆ ಬರೆಯುವುದಕ್ಕೂ ಏನೂ ಸಿಗುವುದಿಲ್ಲ.

ಮೊದಲು ಆ ಅಂಕಿಯ ಮೂಲ ನೋಡಿ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿತು; 34,802 ವಯಸ್ಕರನ್ನು ಮಾತಾಡಿಸಿತು. ಆ 12ರಲ್ಲಿ ಕರ್ನಾಟಕ ಇಲ್ಲ. ನಿಮ್ಹಾನ್ಸ್ ಇರುವುದು ಬೆಂಗಳೂರಿನಲ್ಲೇ ಆದರೂ ನಮ್ಮಲ್ಲಿ ಆದದ್ದು ಕೋಲಾರ ಜಿಲ್ಲೆಯ ಪ್ರಾಯೋಗಿಕ ಸಮೀಕ್ಷೆ ಮಾತ್ರ. ಆದ್ದರಿಂದ ‘ಕರ್ನಾಟಕದಲ್ಲಿ ಇಷ್ಟು ರೋಗಿಗಳಿದ್ದಾರೆ’ ಎಂದು ಆ ವರದಿಯ ಹೆಸರಿನಲ್ಲಿ ಬರೆಯಬಾರದು; ‘12 ರಾಜ್ಯಗಳ ಅಂದಾಜನ್ನು ಇಲ್ಲಿಗೆ ಹಚ್ಚಿದರೆ’ ಎಂದೇ ಬರೆಯಬೇಕು. ಇನ್ನೊಂದು ಗೊಂದಲ ಅದೇ ಸಮೀಕ್ಷೆಯ ಶೇ. 13.7 ಮತ್ತು ಶೇ. 10.6ರದು. ಮೊದಲನೆಯದು ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆ ಬಂದವರ ಪ್ರಮಾಣ, ಎರಡನೆಯದು ಸದ್ಯ ಇರುವವರದು. ಸೇವೆಯ ಲೆಕ್ಕಕ್ಕೆ ಎರಡನೆಯದನ್ನೇ ಹಿಡಿಯಬೇಕು.

ಜಿಲ್ಲೆಯದೇ ಅಂಕಿ ಬೇಕೆಂದು ಪಿಎಚ್‌ಕ್ಯೂ-9 ಎಂಬ ಖಿನ್ನತೆ ಪತ್ತೆಯ ಪ್ರಶ್ನಾವಳಿ ಹಿಡಿದು ಹೊರಡುವವರು ಇದ್ದಾರೆ. ಒಂಬತ್ತು ಪ್ರಶ್ನೆ, 27 ಅಂಕ, 10 ಅಥವಾ ಹೆಚ್ಚು ಬಂದರೆ ‘ಖಿನ್ನತೆ’. ಇದು ಜರಡಿಯೇ ಹೊರತು ರೋಗನಿರ್ಣಯ ಅಲ್ಲ. ಸಾವಿರ ಜನರಲ್ಲಿ ನಿಜಕ್ಕೂ 50 ಮಂದಿಗೆ ಖಿನ್ನತೆ ಇದೆ ಎನ್ನಿ. ಈ ಜರಡಿಯು ಖಿನ್ನತೆ ಇರುವವರಲ್ಲಿ ಶೇ. 85 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ. 85 ಮಂದಿಯನ್ನು ಸರಿಯಾಗಿ ಬಿಡುತ್ತದೆ ಎಂದುಕೊಂಡರೂ, ಹಿಡಿದದ್ದು ಸುಮಾರು 42. ಇಲ್ಲದ 950ರಲ್ಲಿ ತಪ್ಪಾಗಿ ಸಿಕ್ಕಿಬಿದ್ದವರು 142. ಒಟ್ಟು 184. ಶೇ. 5 ಇದ್ದದ್ದು ಪತ್ರಿಕೆಯಲ್ಲಿ ಶೇ. 18 ಆಗುತ್ತದೆ. ಆಮೇಲೆ ಯಾರೋ ಮರುಲೆಕ್ಕ ಹಾಕಿದಾಗ ಇಡೀ ವರದಿಯ ಮರ್ಯಾದೆ ಹೋಗುತ್ತದೆ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ‘ಹೌದು’ ಎಂದವರಿಗೆ ಅದೇ ದಿನ ಯಾರು ಫೋನ್ ಮಾಡುತ್ತಾರೆ, ಎಲ್ಲಿಗೆ ಕಳಿಸುತ್ತಾರೆ ಎಂಬುದು ಮೊದಲೇ ತೀರ್ಮಾನ ಆಗಿರಬೇಕು. ಟೆಲಿ-ಮಾನಸ್‌ನ 14416 ಸಹಾಯವಾಣಿ ನಂಬರ್ ಬರೆದ ಚೀಟಿ ಕೈಗಿಟ್ಟು ಬರುವುದು ಸಾಲದು.

ಈಗ ಅಸಲು ಲೆಕ್ಕ. ತಾಲ್ಲೂಕಿನ ಜನಸಂಖ್ಯೆ ಎರಡೂವರೆ ಲಕ್ಷ, ವಯಸ್ಕರು 1,75,000 ಎನ್ನಿ. ಸಮೀಕ್ಷೆಯ ಪ್ರಕಾರ ಸದ್ಯದ ಖಿನ್ನತೆ ಶೇ. 2.7; ಅಂದರೆ ಸುಮಾರು 4,700 ಜನ. ಖಿನ್ನತೆಯಲ್ಲಿ ಶೇ. 85 ಮಂದಿ ಚಿಕಿತ್ಸೆಯಿಂದ ಹೊರಗಿದ್ದಾರೆ, ಹಾಗಾದರೆ ಚಿಕಿತ್ಸೆಯಲ್ಲಿ ಇರುವವರು 700. ಇದನ್ನು ಎರಡು ಪಟ್ಟು ಮಾಡುವುದು ಗುರಿ ಎಂದಿಟ್ಟುಕೊಳ್ಳೋಣ: 1,400. ಅರ್ಧದಷ್ಟು ಜನ ಖಾಸಗಿಗೆ ಹೋಗುತ್ತಾರೆಂದು ಕಳೆದರೂ ಉಳಿದದ್ದು 700. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಯ ಕ್ಲಿನಿಕ್ ಮಂಗಳವಾರ. ತಿಂಗಳಿಗೊಮ್ಮೆ ಒಬ್ಬೊಬ್ಬರು ಬಂದರೆ ಪ್ರತಿ ಮಂಗಳವಾರ 175 ಜನ. ಐದು ಗಂಟೆಯ ಓಪಿಡಿ, ಒಬ್ಬ ಡಾಕ್ಟರು: ತಲೆಗೆ ಎರಡು ನಿಮಿಷವೂ ಇಲ್ಲ. ಇದು ಬರೀ ಖಿನ್ನತೆ. ಸೈಕೋಸಿಸ್ (ಭ್ರಮೆ ಕಾಡುವ ತೀವ್ರ ಮನೋರೋಗ), ಕುಡಿತ, ಫಿಟ್ಸ್ ರೋಗಿಗಳೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ.

ಜಾಗೃತಿ ಜಾಥಾ ಗೆದ್ದರೆ ಕ್ಲಿನಿಕ್ ಸೋಲುತ್ತದೆ. ಈ ಲೆಕ್ಕ ಮುಂದಿಟ್ಟರೆ ಕೇಳಬೇಕಾದ್ದೇ ಬೇರೆಯಾಗುತ್ತದೆ: ಸ್ಥಿರವಾಗಿರುವ ರೋಗಿಗೆ ಮಾತ್ರೆಯನ್ನು ಊರಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಿ, ಮೂರು ತಿಂಗಳಿಗೊಮ್ಮೆ ಮಾತ್ರ ಮಂಗಳವಾರ ಕರೆಸಿ.

ಹಾಗಂದ ಮೇಲೆ ಮಾತ್ರೆಯ ಲೆಕ್ಕವೂ ಬೇಕು. 700 ಜನಕ್ಕೆ ದಿನಕ್ಕೊಂದು ಖಿನ್ನತೆಯ ಔಷಧ ಫ್ಲುಆಕ್ಸಿಟಿನ್ 20 ಮಿ.ಗ್ರಾಂ ಎಂದರೆ ತಿಂಗಳಿಗೆ 21,000. ಇಂಡೆಂಟನ್ನು (ಔಷಧದ ಬೇಡಿಕೆ ಪಟ್ಟಿ) ಕಳೆದ ವರ್ಷದ ಖರ್ಚು ನೋಡಿ ಹಾಕಿದರೆ ಇಲ್ಲಿ ಎಡವಟ್ಟಾಗುತ್ತದೆ. ನಾಲ್ಕು ತಿಂಗಳು ಸ್ಟಾಕೇ ಇಲ್ಲದಿದ್ದರೆ ಖರ್ಚು ಎಂಟು ತಿಂಗಳದ್ದೇ. ಮುಂದಿನ ವರ್ಷ ಅಷ್ಟೇ ಬರುತ್ತದೆ, ಮತ್ತೆ ಖಾಲಿ. ಸ್ಟಾಕ್ ಇಲ್ಲದ ದಿನಗಳನ್ನು ಕಳೆದು, ಇದ್ದ ದಿನಗಳ ಸರಾಸರಿಯಿಂದ ಅಂದಾಜಿಸಬೇಕು. ಸ್ಟಾಕ್ ರಿಜಿಸ್ಟರಿನಲ್ಲಿ ಶೂನ್ಯ ಬಿದ್ದ ತಾರೀಕುಗಳನ್ನು ಗುರುತು ಹಾಕಿಕೊಳ್ಳಲು ಒಂದು ಬೆಳಗ್ಗೆ ಸಾಕು. ಟಿಪ್ಪಣಿಯಲ್ಲಿ ಬೇರೆ ಯಾವ ಗ್ರಾಫಿಗಿಂತಲೂ ಆ ತಾರೀಕುಗಳ ಪಟ್ಟಿಗೆ ಬೆಲೆ ಹೆಚ್ಚು.

ಓಪಿಡಿ ರಿಜಿಸ್ಟರಿನ ಕಥೆ ಬೇರೆ. ಮಾಸಿಕ ವರದಿಯಲ್ಲಿ 300 ಎಂದಿದ್ದರೆ ಅದು 300 ಜನ ಅಲ್ಲ, 300 ಭೇಟಿ. ‘ಹೊಸ’ ಕಾಲಮಿನಲ್ಲಿ ಹಳಬರೂ ಸೇರಿರುತ್ತಾರೆ: ಆರು ತಿಂಗಳು ಬಿಟ್ಟು ಬಂದವರಿಗೆ ಹೊಸ ಚೀಟಿ, ಹೊಸ ನಂಬರ್. ಒಂದೇ ಹೆಂಗಸಿನ ಹೆಸರು ಒಮ್ಮೆ ‘ಕೋಂ’ ಹಾಕಿ ಗಂಡನ ಹೆಸರಿನ ಜೊತೆ, ಇನ್ನೊಮ್ಮೆ ತವರಿಂದ ಬಂದಾಗ ತಂದೆಯ ಹೆಸರಿನ ಜೊತೆ. ಕಂಪ್ಯೂಟರಿಗೆ ಅವರು ಇಬ್ಬರು. ವಯಸ್ಸು, ಊರು, ಔಷಧ ಮೂರನ್ನೂ ತಾಳೆ ನೋಡಿ ಕೈಯಲ್ಲೇ ಜೋಡಿಸಬೇಕು. ಎಷ್ಟು ಜನ ಮೂರನೇ ತಿಂಗಳಿಗೂ ಬಂದರು ಎಂಬುದು ಗೊತ್ತಾಗುವುದು ಆಗಲೇ. ನನ್ನ ಮಟ್ಟಿಗೆ ಚಿಕಿತ್ಸೆಯೇ ಸಿಗದವರ ಅಂಕಿಗಿಂತ ನಡುವೆ ಬಿಟ್ಟುಹೋದವರ ಈ ಲೆಕ್ಕ ಮುಖ್ಯ, ಏಕೆಂದರೆ ಅದಕ್ಕೆ ಉತ್ತರ ಹೇಳಬೇಕಾದವರು ಆಸ್ಪತ್ರೆಯೊಳಗೇ ಇದ್ದಾರೆ. ಹೆಸರು ನೋಡುವ ಮುನ್ನ ನೈತಿಕ ಸಮಿತಿಯ ಒಪ್ಪಿಗೆ, ಆಸ್ಪತ್ರೆಯ ಲಿಖಿತ ಅನುಮತಿ ಎರಡೂ ಕೈಯಲ್ಲಿರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ರೋಗಿಯ ಗೌಪ್ಯತೆಯನ್ನು ಹಕ್ಕಾಗಿಸಿದೆ. ಹಳ್ಳಿವಾರು ಕೋಷ್ಟಕದಲ್ಲಿ ಐದಕ್ಕಿಂತ ಕಡಿಮೆ ಇದ್ದರೆ ಅಂಕಿ ಹಾಕಬೇಡಿ. ‘ಸೈಕೋಸಿಸ್: 1’ ಎಂದು ಬರೆದರೆ ಊರಿಗೆಲ್ಲ ಅದು ಯಾರೆಂದು ಗೊತ್ತು.

ಟಿಪ್ಪಣಿ ಎರಡು ಪುಟ ಮೀರದಿರಲಿ, ಕನ್ನಡದಲ್ಲಿರಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ದುಡ್ಡು ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಮೂಲಕ ಬರುವುದರಿಂದ ರಾಜ್ಯದ ಪಿಐಪಿ (ಕಾರ್ಯಕ್ರಮ ಅನುಷ್ಠಾನ ಯೋಜನೆ) ತಯಾರಾಗುವ ಮುಂಚೆ ತಲುಪಬೇಕು. ತಡವಾದರೆ ‘ಮುಂದಿನ ಸಾಲಿನಲ್ಲಿ ಪರಿಶೀಲಿಸಿ’ ಎಂಬ ಷರಾ ಖಚಿತ. ಕೊನೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಕೊಡುವ ಬಗ್ಗೆ ಸುತ್ತೋಲೆಯ ಕರಡನ್ನೂ ಲಗತ್ತಿಸಿ. ಮೇಲಿನ ಆದೇಶ ಇಲ್ಲದೆ ಫಾರ್ಮಸಿಸ್ಟ್ ಮನೋರೋಗದ ಮಾತ್ರೆ ಕೊಡಲು ಹಿಂಜರಿಯುತ್ತಾರೆ, ಅದು ಅವರ ತಪ್ಪೂ ಅಲ್ಲ. ಯಾರ ಚೀಟಿಯ ಮೇಲೆ ಕೊಡಬಹುದು, ಒಮ್ಮೆಗೆ ಎಷ್ಟು ದಿನದ್ದು, ಯಾವ ಲಕ್ಷಣ ಕಂಡರೆ ತಾಲ್ಲೂಕಿಗೆ ವಾಪಸ್ ಕಳಿಸಬೇಕು: ಈ ಮೂರು ಸಾಲು ಕರಡಿನಲ್ಲಿ ಇರಲೇಬೇಕು.