ಬಾದಾಮಿ–ಐಹೊಳೆಗೆ ಬೈಕ್ ತೆಗೆಯುವ ಮುನ್ನ ಬ್ಯಾಟರಿ ನೋಡಿ

ವಿಜಯಪುರದಿಂದ ಕೊಲ್ಹಾರ, ಅನಗವಾಡಿ, ಗದ್ದನಕೇರಿ ಕ್ರಾಸ್, ಕೆರೂರು ದಾಟಿ ಬಾದಾಮಿಗೆ ಸುಮಾರು 120 ಕಿ.ಮೀ. ಹೆದ್ದಾರಿಯಲ್ಲಿ ಗಾಡಿ ಒಂದೇ ಸಮನೆ ಓಡುವುದರಿಂದ ಸೋತ ಬ್ಯಾಟರಿಯೂ ಅಲ್ಲಿ ಗೊತ್ತಾಗುವುದಿಲ್ಲ. ಕೈಕೊಡುವುದು ಆಮೇಲೆ. ಬಾದಾಮಿಯ ಗುಹೆಗಳಾದ ಮೇಣಬಸದಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಎಲ್ಲವೂ ಸಣ್ಣ ಸಣ್ಣ ಓಟ. ಪ್ರತಿ ಕಡೆ ಬಂದ್ ಮಾಡಿ ಮತ್ತೆ ಸೆಲ್ಫ್ ಒತ್ತಬೇಕು. 2017ರ ಏಪ್ರಿಲ್ ನಂತರ ಬಂದ ಗಾಡಿಗಳಲ್ಲಿ ಎಂಜಿನ್ ಚಾಲೂ ಇರುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತದೆ. ಮೇಲೆ ಮೊಬೈಲ್ ಚಾರ್ಜರ್ ಬೇರೆ. ಹೋದ ಚಾರ್ಜ್ ತುಂಬುವಷ್ಟರಲ್ಲಿ ಮುಂದಿನ ಗುಡಿ ಬಂದಿರುತ್ತದೆ.

ಹೊರಡುವ ಹಿಂದಿನ ರಾತ್ರಿಯಲ್ಲ, ಮೂರ್ನಾಲ್ಕು ದಿನ ಮೊದಲೇ ಪರೀಕ್ಷೆ ಮಾಡಿ. ಬೇಕಿರುವುದು ಒಂದು ಸಾದಾ ಮಲ್ಟಿಮೀಟರ್. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಕೀ ಹಾಕದೆ, ಬ್ಯಾಟರಿಯ ಎರಡು ಟರ್ಮಿನಲ್‌ಗೆ ಮೀಟರ್ ಹಿಡಿಯಿರಿ. 12.6ರಿಂದ 12.8 ವೋಲ್ಟ್ ಬಂದರೆ ತುಂಬಿದೆ. 12.2ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿಸಿ ಮತ್ತೆ ಅಳೆಯಿರಿ. ಚಾರ್ಜಿಂಗ್ ಕರೆಂಟ್ ಬ್ಯಾಟರಿ ಸಾಮರ್ಥ್ಯದ ಹತ್ತನೇ ಒಂದು ಪಾಲು ಸಾಕು: 5 ಆಂಪಿಯರ್ ಅವರ್‌ನದಕ್ಕೆ 0.5 ಆಂಪಿಯರ್. ಅವಸರಕ್ಕೆ ಹೆಚ್ಚು ಕೊಟ್ಟರೆ ಪ್ಲೇಟ್ ಹಾಳಾಗುತ್ತವೆ.

ನಿಜ ಗೊತ್ತಾಗುವುದು ಎರಡನೇ ಅಳತೆಯಲ್ಲಿ. ಮೀಟರ್ ಹಾಗೇ ಇರಲಿ, ಸೆಲ್ಫ್ ಒತ್ತಿ. ವೋಲ್ಟ್ 9.5ಕ್ಕಿಂತ ಕೆಳಗೆ ಕುಸಿದು, ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಬಿಡುವ ರಿಲೇ ಕಟಕಟ ಅಂದರೆ ಬ್ಯಾಟರಿ ಸೋತಿದೆ. ಒಂದೇ ಸಲ ‘ಟಕ್’ ಅಂದು ವೋಲ್ಟ್ ಕುಸಿಯದೇ ನಿಂತರೆ ಬ್ಯಾಟರಿಯನ್ನು ಬೈಯಬೇಡಿ. ಮೋಟಾರಿಗೆ ಕರೆಂಟ್ ಮುಟ್ಟುತ್ತಿಲ್ಲ. ರಿಲೇ, ಕೇಬಲ್, ಸ್ಟಾರ್ಟರ್ ಮೋಟಾರಿನ ಕಾರ್ಬನ್ ಬ್ರಷ್ ನೋಡಿ. ಸದ್ದೇ ಇಲ್ಲವೆಂದರೆ ಮೊದಲು ಎಂಜಿನ್ ಬಂದ್ ಮಾಡುವ ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್, ಕ್ಲಚ್ ಸ್ವಿಚ್, ಫ್ಯೂಸ್. ಎಂಜಿನ್ ಜೋರಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ತಪ್ಪು ಪ್ಲಗ್ಗಿನದೋ ಪೆಟ್ರೋಲಿನದೋ ಇರುತ್ತದೆ.

ಮೂರನೆಯದು ಚಾರ್ಜಿಂಗ್. ಎಂಜಿನ್ ಚಾಲೂ ಮಾಡಿ ರೇಸ್ ಕೊಟ್ಟಾಗ 13.5ರಿಂದ 14.5 ವೋಲ್ಟ್ ಬರಬೇಕು. 13ಕ್ಕೂ ಏರದಿದ್ದರೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್ ಅಥವಾ ವೋಲ್ಟ್ ಹದದಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಹೊಸ ಬ್ಯಾಟರಿ ಹಾಕಿದರೂ ಅದೂ ಖಾಲಿಯಾಗುತ್ತದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ; ನಮ್ಮ ಏಪ್ರಿಲ್–ಮೇ ಬಿಸಿಲಿನಲ್ಲಿ ಅಂಥ ಬ್ಯಾಟರಿ ಕುದ್ದು ಉಬ್ಬುತ್ತದೆ. ಬ್ಯಾಟರಿ ಮೈ ಉಬ್ಬಿದ್ದು ಕಂಡರೆ ಚಾರ್ಜ್ ಮಾಡುವ ಗೋಜಿಗೇ ಹೋಗಬೇಡಿ, ಬದಲಿಸಿ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾವನ್ನು ಬಿಸಿನೀರಲ್ಲಿ ಕಲಸಿ, ಹಳೇ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ವ್ಯಾಸಲೀನ್ ಸವರಿ. ಬಿಚ್ಚುವಾಗ ಮೊದಲು ಮೈನಸ್, ಜೋಡಿಸುವಾಗ ಮೊದಲು ಪ್ಲಸ್. ಮುಚ್ಚಳ ತೆರೆಯುವ ಹಳೇ ಮಾದರಿಯಾದರೆ ಡಿಸ್ಟಿಲ್ಡ್ ವಾಟರ್ ಮೇಲಿನ ಗೆರೆವರೆಗೆ. ಮನೆಯ ಬೋರ್ ನೀರು ಖಂಡಿತ ಬೇಡ. ಸೀಲ್ಡ್ ಬ್ಯಾಟರಿಯನ್ನು ಬಿಚ್ಚಲೇಬಾರದು.

ದಾರಿಗೆ ಎರಡು ಬಿಡಿ ಫ್ಯೂಸ್, 10 ನಂಬರ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಪ್ಲಗ್ ಸ್ಪ್ಯಾನರ್, ಒಂದು ಬಿಡಿ ಪ್ಲಗ್ ಇರಲಿ. ಗಾಡಿಯನ್ನು ನೆರಳಲ್ಲಿ ನಿಲ್ಲಿಸಿ, ಚಾರ್ಜರ್ ಕಿತ್ತಿಡಿ. ಸೆಲ್ಫ್ ಒಮ್ಮೆಗೆ 5 ಸೆಕೆಂಡ್ ಮೀರಬಾರದು, ನಡುವೆ ಅರ್ಧ ನಿಮಿಷ ಬಿಡಿ.

ಸೆಲ್ಫ್ ಎತ್ತದಿದ್ದರೆ ಎರಡನೇ ಗೇರಿನಲ್ಲಿ ತಳ್ಳಿ ಚಾಲೂ ಮಾಡಬಹುದು. ಆದರೆ ಇಂಜೆಕ್ಷನ್ ಗಾಡಿಯಲ್ಲಿ (ಕಾರ್ಬುರೇಟರ್ ಇಲ್ಲದ್ದು) ಕೀ ತಿರುಗಿಸಿದಾಗ ಪೆಟ್ರೋಲ್ ಪಂಪಿನ ‘ಗುಂಯ್’ ಸದ್ದು ಬರದಿದ್ದರೆ ತಳ್ಳಿ ಬೆವರುವುದು ಬೇಡ. ಪಂಪಿಗೇ ಕರೆಂಟ್ ಇಲ್ಲ. ಆಗ ಇನ್ನೊಂದು ಬೈಕಿನ 12 ವೋಲ್ಟ್ ಬ್ಯಾಟರಿಯಿಂದ ಜಂಪರ್ ವೈರ್ ಕೊಡಿ: ಪ್ಲಸ್‌ಗೆ ಪ್ಲಸ್, ಆ ಬ್ಯಾಟರಿಯ ಮೈನಸ್‌ನಿಂದ ಬಂದ ವೈರನ್ನು ನಿಮ್ಮ ಎಂಜಿನ್ನಿನ ಬಣ್ಣ ಹಚ್ಚಿರದ ಲೋಹಕ್ಕೆ. ಕೊಡುವ ಬೈಕಿನ ಎಂಜಿನ್ ಬಂದ್ ಇರಲಿ. ಚಾಲೂ ಆದ ಮೇಲೆ ವಾಪಸ್ ಹೊರಟು ಕೆರೂರು ದಾಟುವತನಕ ಬಂದ್ ಮಾಡಬೇಡಿ.